ಶಂಖದ ಹೆಸರಿನ ಊರು

ಫ್ರಾನ್ಸ್ ದೇಶದ ದಕ್ಷಿಣಭಾಗದಲ್ಲಿ, ಪೂರ್ವಕಾಲದಲ್ಲಿ ರುಎರ್ಗ್ ಎಂದು ಕರೆಯಿಸಿಕೊಳ್ಳುತ್ತಿದ್ದು ಮಹಾಕ್ರಾಂತಿಯ ತರುವಾಯ ಅವೇರೋಂ ಎಂಬ ಹೆಸರನ್ನು ಪಡೆದ ಬೆಟ್ಟಗಾಡು ಸೀಮೆಯೊಳಗೆ, ಊಷ್ ಎಂಬ ಹಳ್ಳವು ಆಳವಾದ ಕಮರಿಯನ್ನು ಕೊರೆದುಕೊಂಡು ಬಂದು ದೂರ್ದು ಎಂಬ ಹೊಳೆಯನ್ನು ಸೇರಿಕೊಳ್ಳುವ ಎಡೆಯಲ್ಲಿ, ಬಿಸಿಲಿಗೆ ಮುಖವೊಡ್ಡಿದ ಕಡಿದಾದ ಇಳಿಜಾರೊಂದನ್ನು ಅಪ್ಪಿಕೊಂಡು ಕೊಂಕ್ ಎಂಬ ಊರು ನಿಂತಿದೆ. ಸುತ್ತಣ ಬೆಟ್ಟಗಳು ಈ ತಾಣವನ್ನು ಬಳಸಿಕೊಂಡಿರುವ ರೀತಿಯನ್ನು ಕಂಡ ಹಿಂದಿನವರಿಗೆ ಅದು ಚಿಪ್ಪಿನ ಒಳಗಣ ಟೊಳ್ಳಿನಂತೆ ತೋರಿತಂತೆ. ಚಿಪ್ಪಿಗೆ ಲ್ಯಾಟಿನ್ ಭಾಷೆಯಲ್ಲಿ ಕೊಂಖಾ ಎಂದು ಹೆಸರು. ಆ ಶಬ್ದವೇ ಸವೆದು ಕೊಂಕ್ ಆಯಿತು. ಗ್ರೀಕರಿಂದ ಲ್ಯಾಟಿನ್ನಿಗೆ ಬಂದ ಆ ಶಬ್ದವೂ ನಮ್ಮ ಸಂಸ್ಕೃತದ ಶಂಖವೂ ಒಂದೇ ಬೇರಿನ ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ಹೇಳುವುದರಿಂದ, ಕನ್ನಡದ ಓದುಗನು ಈ ಊರಿನ ಹೆಸರನ್ನು ಕೇಳಿದೊಡನೆಯೇ ಅದನ್ನು ತೀರ ಪರದೇಶದ್ದೆಂದು ಎಣಿಸಬೇಕಾಗಿಲ್ಲ. ಮುಂದೆ ಈ ಊರಿನ ಚರಿತ್ರೆಯನ್ನು ಕೇಳಿದಾಗ ಆ ನಂಟು ಬರಿಯ ಹೆಸರಿನದಲ್ಲವೆಂಬುದೂ ಅವನಿಗೆ ಗೋಚರಿಸೀತು.

ಪೂರ್ವದಿಕ್ಕಿನಲ್ಲಿರುವ ಲ ಪುಯಿ ಪಟ್ಟಣದಿಂದ ಹೊರಟು ಸ್ಪೇನ್ ದೇಶದ ಪಶ್ಚಿಮ ಮೂಲೆಯಲ್ಲಿರುವ ಸಂತ ಯಾಕೋಬನ ಸನ್ನಿಧಿಗೆ ನಡೆದುಹೋಗುವ ಯಾತ್ರಿಕರು ಸಹಸ್ರ ವರ್ಷಗಳಿಂದ ಈ ಊರಿನ ಮೂಲಕವೇ ಹಾದುಹೋಗುತ್ತಿದ್ದಾರೆ. ಅವರ ಕಾಲುದಾರಿಯು ಎತ್ತರದ ಬಯಲನ್ನು ಬಿಟ್ಟು ಕಾಡಿನ ನಡುವೆ ಕಲ್ಲುಗಳ ಮೇಲೆ ಜಾರುತ್ತ ಇಳಿಯುತ್ತದೆ. ಊರು ಇನ್ನೇನು ಕಾಲಡಿಗೆ ಬಂತು ಎನ್ನುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಒಮ್ಮೆಗೇ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸಿದ ಬೂದುಬಣ್ಣದ ಪದರುಕಲ್ಲಿನ ಮಾಡುಗಳೂ, ಆ ಮಾಡುಗಳ ನಡುವಿನಿಂದ ಮೇಲೆದ್ದ ಮೂರು ಗೋಪುರಗಳೂ ಕಾಣಿಸಿಕೊಳ್ಳುತ್ತವೆ. ಮನೆಗಳ ಕೆಳಗಣ ಅಂತಸ್ತು ಕಲ್ಲಿನದು, ಮೇಲಣದು ಮರದ ಚೌಕಟ್ಟಿನ ನಡುವೆ ಗಾರೆ ಮೆತ್ತಿದ್ದು. ಇಳಿಜಾರು ಎಷ್ಟು ಕಡಿದೆಂದರೆ ಎಷ್ಟೋ ಮನೆಗಳಿಗೆ ಬೀದಿಯ ಬಾಗಿಲಿನಿಂದ ಒಳಹೊಕ್ಕರೆ ಹಿತ್ತಿಲ ಕಿಟಕಿಯ ಕೆಳಗೆ ಇನ್ನೊಂದು ಮನೆಯ ಮಾಡು ಇರುತ್ತದೆ. ಇಲ್ಲಿ ಬಳಕೆಯಾದ ಕಲ್ಲುಗಳು ಮೂರು ಬಗೆಯವು: ಮನೆಗಳ ಗೋಡೆಗೂ ಮಾಡಿಗೂ ಬೂದು ಪದರುಕಲ್ಲು, ಕೋಟೆಬಾಗಿಲಿನಂಥ ಕೆಲವು ಕಟ್ಟಡಗಳಿಗೆ ಕೆಂಪು ಮರಳುಗಲ್ಲು, ದೊಡ್ಡ ಚರ್ಚಿಗೆ ಜೇನುಬಣ್ಣದ ಸುಣ್ಣಕಲ್ಲು. ಮಳೆ ಬಂದು ನಿಂತ ಸಂಜೆಯಲ್ಲಿ ಈ ಮೂರೂ ಒಟ್ಟಿಗೆ ಬಣ್ಣವೇರುವ ಹೊತ್ತು ಆ ಊರಿನ ಅತ್ಯಂತ ಸುಂದರವಾದ ಹೊತ್ತು.

ಆದರೆ ಇಂಥ ಸ್ಥಳದಲ್ಲಿ ಊರು ಹುಟ್ಟಲು ಪ್ರಕೃತಿಯು ಯಾವ ಕಾರಣವನ್ನೂ ಒದಗಿಸಿರಲಿಲ್ಲ. ಉಳಲು ಸಮನೆಲವಿಲ್ಲ, ದೋಣಿ ನಡೆಯುವ ನದಿಯಿಲ್ಲ, ದೊರೆಗಳು ಕೋಟೆ ಕಟ್ಟಿ ಕಾಯಬೇಕಾದ ಕಣಿವೆದಾರಿಯೂ ಇದಲ್ಲ. ಚೆಸ್ಟ್‌ನಟ್ ಮರದ ಕಾಯಿಗಳೂ ಮೆಟ್ಟಿಲು ಮೆಟ್ಟಿಲಾಗಿ ಕಡಿದ ದ್ರಾಕ್ಷಿತೋಟಗಳೂ ಇಲ್ಲಿಯ ಜನಕ್ಕೆ ಅನ್ನವಿತ್ತವು. ಎಂಟನೆಯ ಶತಮಾನದ ಕೊನೆಗೆ ದಾದೋಂ ಎಂಬ ತಪಸ್ವಿಯೊಬ್ಬನು ಇಲ್ಲಿಗೆ ಬಂದುದು ಜನರಿಂದ ದೂರವಿರಬೇಕೆಂಬ ಇಚ್ಛೆಯಿಂದಲೇ. ಏಕಾಂತವನ್ನು ಅರಸಿ ಬಂದವನ ಸುತ್ತ ಜನ ಸೇರುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಅವನ ಗುಡಿಸಲಿನ ಬಳಿ ಶಿಷ್ಯರು ಕೂಡಿದರು, ಮಠವಾಯಿತು, 819ರಲ್ಲಿ ಚಕ್ರವರ್ತಿಯಾದ ಧರ್ಮಿಷ್ಠ ಲೂಯಿಯು ಆ ಮಠಕ್ಕೆ ಶಾಸನವನ್ನು ಬರೆಯಿಸಿಕೊಟ್ಟು ಭೂಮಿಯನ್ನು ದತ್ತಿ ಬಿಟ್ಟನು. ಆದರೆ ಕಮರಿಯ ಇಕ್ಕಟ್ಟು ಇಕ್ಕಟ್ಟಾಗಿಯೇ ಉಳಿಯಿತು. 838ರಲ್ಲಿ ಅಕ್ವಿತೇನ್ ಸೀಮೆಯ ಅರಸನಾದ ಪಿಪಿನನು ಮಠವನ್ನು ವಿಶಾಲವಾದ ಕಡೆಗೆ ಸಾಗಿಸುವುದು ಲೇಸೆಂದು ಎಣಿಸಿ ಫಿಜಾಕ್ ಎಂಬಲ್ಲಿ ಹೊಸ ಕೊಂಕ್ ಒಂದನ್ನು ಸ್ಥಾಪಿಸಿದನು. ಅಲ್ಲಿಗೆ ಹೋದವರು ಬೆಳೆದರು, ಇಲ್ಲಿಯೇ ಉಳಿದವರು ಬಡವರಾದರು. ತಮ್ಮದೇ ಮರಿಮಠವು ತಮ್ಮನ್ನು ನುಂಗಿಬಿಡುವ ಭಯವು ಕೊಂಕ್‌ನ ಸನ್ಯಾಸಿಗಳನ್ನು ಹಿಡಿಯಿತು. ಆ ಭಯದಿಂದಲೇ ಈ ಊರಿನ ಭಾಗ್ಯವು ಹುಟ್ಟಿತು.

ಆ ಕಾಲದ ಯುರೋಪಿನಲ್ಲಿ ಮಠವೊಂದರ ಕೀರ್ತಿಯೂ ಸಂಪತ್ತೂ ನಿಂತಿದ್ದುದು ಅದರ ವಶದಲ್ಲಿದ್ದ ಸಂತರ ಅಸ್ಥಿಗಳ ಮೇಲೆ. ಸಂತನು ಸತ್ತಿಲ್ಲ, ಅವನು ತನ್ನ ಎಲುಬುಗಳಲ್ಲಿ ಸನ್ನಿಹಿತನಾಗಿದ್ದಾನೆ, ಮುಟ್ಟಿದವರ ರೋಗವನ್ನು ಕಳೆಯುತ್ತಾನೆ, ಒಡವೆ ಕದ್ದವರ ಕೈಯನ್ನು ಸೇದಿಸುತ್ತಾನೆ ಎಂಬುದು ಚಕ್ರವರ್ತಿಯಿಂದ ಕುರುಬನವರೆಗೆ ಎಲ್ಲರ ನಂಬುಗೆ. ಕೊಂಕ್‌ನವರು ಮೊದಲು ಸ್ಪೇನಿನ ಸರಗೋಸದ ಸಂತ ವಿನ್ಸೆಂಟನ ಅಸ್ಥಿಗಳಿಗೆ ಕೈಹಾಕಿದರು. ಆ ಯತ್ನವು ಫಲಿಸಲಿಲ್ಲ. ಆಮೇಲೆ ಅವರ ದೃಷ್ಟಿಯು ಪಶ್ಚಿಮಕ್ಕೆ ಗಾರೋನ್ ನದಿಯ ದಡದ ಮೇಲಿರುವ ಆಜೆನ್ ಪಟ್ಟಣದ ಕಡೆಗೆ ತಿರುಗಿತು. ಅಲ್ಲಿ ಫುವಾ ಎಂಬ ಹುಡುಗಿಯ ಸಮಾಧಿಯಿತ್ತು. ರೋಮನ್ ಚಕ್ರವರ್ತಿ ಡಯೊಕ್ಲಿಶಿಯನ್ನನ ಕಾಲದಲ್ಲಿ, ಸಂಪ್ರದಾಯದ ಲೆಕ್ಕದಂತೆ 303ನೆಯ ಇಸವಿಯಲ್ಲಿ, ಹನ್ನೆರಡು ವರ್ಷದ ಆ ಬಾಲೆಯು ರೋಮನ್ ದೇವತೆಗಳಿಗೆ ಪೂಜೆ ಸಲ್ಲಿಸೆನೆಂದು ಹಠ ಹಿಡಿದುದರಿಂದ ಆಕೆಯನ್ನು ಕಾದ ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ, ಕಡೆಗೆ ಶಿರಚ್ಛೇದ ಮಾಡಿದರೆಂದು ಕಥೆ. ಫುವಾ ಎಂದರೆ ಫ್ರೆಂಚರ ಮಾತಿನಲ್ಲಿ ಶ್ರದ್ಧೆ.

ಅರಿವಿಸ್ಕಸ್ ಎಂಬ ಸನ್ಯಾಸಿಯು ಕೊಂಕ್‌ನಿಂದ ಹೊರಟು, ತಾನು ಯಾವ ಮಠಕ್ಕೂ ಸೇರದ ಸಾಮಾನ್ಯ ಪಾದ್ರಿಯೆಂಬ ವೇಷದಿಂದ ಆಜೆನ್‌ನಲ್ಲಿ ನೆಲಸಿದನು. ಒಂದು ದಿನವಲ್ಲ, ಒಂದು ಮಾಸವಲ್ಲ, ಹತ್ತು ವರ್ಷ ಅವನು ಅಲ್ಲಿಯವರೊಡನೆ ಉಂಡು, ಅವರೊಡನೆ ಪ್ರಾರ್ಥನೆ ಮಾಡಿ, ಅವರ ವಿಶ್ವಾಸವನ್ನು ಸಂಪಾದಿಸಿದನಂತೆ. ಕಡೆಗೆ ಅವರು ಸಮಾಧಿಯ ಕಾವಲನ್ನೇ ಅವನ ಕೈಗೆ ಒಪ್ಪಿಸಿದರು. ಹಬ್ಬದ ಒಂದು ರಾತ್ರಿ, ಉಳಿದವರು ಊಟಕ್ಕೆ ಕುಳಿತಿದ್ದಾಗ, ಅವನು ಸಮಾಧಿಯನ್ನು ಒಡೆದು ಎಲುಬುಗಳನ್ನು ಚೀಲಕ್ಕೆ ತುಂಬಿಕೊಂಡು ಬೆಟ್ಟದ ದಾರಿ ಹಿಡಿದನು. ಇದು ನಡೆದುದು 866ರಲ್ಲಿ. ಕೊಂಕ್‌ನವರು ಈ ಕೃತ್ಯವನ್ನು ಎಂದೂ ಬಚ್ಚಿಡಲಿಲ್ಲ. ಕಥೆಯನ್ನು ಬರೆದಿಟ್ಟವರೂ, ಅಸ್ಥಿಗಳು ಊರಿಗೆ ಬಂದ ಜನವರಿ 14ನೆಯ ದಿನವನ್ನು ಹಬ್ಬವಾಗಿ ಆಚರಿಸಿದವರೂ ಅವರೇ. ಅವರ ವಾದವು ಸರಳವಾದುದು: ಸಂತಳಿಗೆ ಮನಸ್ಸಿಲ್ಲದಿದ್ದರೆ ಅವಳನ್ನು ಎತ್ತಿ ತರಲು ಯಾರಿಂದ ಸಾಧ್ಯವಿತ್ತು? ಅವಳು ಬಂದಳೆಂದ ಮೇಲೆ ಬರಬೇಕೆಂದೇ ಬಂದಳು. ದೇವರು ಕನಸಿನಲ್ಲಿ ಕಾಣಿಸಿಕೊಂಡು ತನ್ನನ್ನು ಇಂಥ ಊರಿಗೆ ಒಯ್ಯಿರೆಂದು ಹೇಳಿದ ಸ್ಥಳಪುರಾಣಗಳನ್ನು ಕೇಳಿ ಬೆಳೆದ ನಮಗೆ ಈ ವಾದದ ಧಾಟಿಯು ಹೊಸತಲ್ಲ. ಹತ್ತು ವರ್ಷ ಜೊತೆಯಲ್ಲಿ ಉಂಡವರಿಗೆ ಎಸಗಿದ ವಂಚನೆಯನ್ನು ನಾನು ಸಮರ್ಥಿಸಲಾರೆ. ಆದರೆ ಹೀಗೆ ತಂದ ಎಲುಬುಗಳನ್ನು ಮುಂದಿನ ಸಾವಿರ ವರ್ಷ ಆ ಊರು ಕಾಪಾಡಿಕೊಂಡ ನಿಷ್ಠೆಯನ್ನು ಕಂಡಾಗ, ಆ ವಂಚನೆಯ ಮಾತನ್ನು ಆಡುವಾಗಲೂ ದನಿಯು ಮೆತ್ತಗಾಗುತ್ತದೆ.

ಆ ಎಲುಬುಗಳಿಗಾಗಿ ಮಾಡಿಸಿದ ಕರಂಡವೇ ಇಂದಿಗೂ ಕೊಂಕ್‌ನಲ್ಲಿರುವ ಚಿನ್ನದ ಪ್ರತಿಮೆ. ಎತ್ತರ 85 ಸೆಂಟಿಮೀಟರು. ಆಸನದ ಮೇಲೆ ನೆಟ್ಟಗೆ ಕುಳಿತ ಭಂಗಿ. ಒಳಗೆ ಯೂ ಎಂಬ ಮರದ ದಿಮ್ಮಿ, ಮೇಲೆ ಚಿನ್ನದ ತಗಡು. ಮುಖವು ದೇಹಕ್ಕೆ ಹೊಂದುವುದಕ್ಕಿಂತ ದೊಡ್ಡದು. ಅದಕ್ಕೆ ಕಾರಣವೂ ಉಂಟು. 1950ರ ದಶಕದಲ್ಲಿ ಜಾಂ ತರಾಲೋಂ ಎಂಬ ವಿದ್ವಾಂಸನ ಮೇಲ್ವಿಚಾರಣೆಯಲ್ಲಿ ಪ್ರತಿಮೆಯನ್ನು ಬಿಚ್ಚಿ ದುರಸ್ತು ಮಾಡಿದಾಗ, ಆ ತಲೆಯು ಮೂಲತಃ ಈ ಪ್ರತಿಮೆಗಾಗಿ ಮಾಡಿದುದಲ್ಲವೆಂದೂ, ರೋಮನ್ ಸಾಮ್ರಾಜ್ಯದ ಕೊನೆಗಾಲದ, ಪ್ರಾಯಶಃ ಪುರುಷನೊಬ್ಬನ, ಚಿನ್ನದ ಶಿರಸ್ಸನ್ನು ತಂದು ಇಲ್ಲಿ ಕೂಡಿಸಲಾಗಿದೆಯೆಂದೂ ತಿಳಿದುಬಂತು. ಹನ್ನೆರಡು ವರ್ಷದ ಹುಡುಗಿಯನ್ನು ರೋಮನ್ನರು ಕೊಂದರು; ಐದಾರು ಶತಮಾನಗಳು ಕಳೆದ ಮೇಲೆ ಅವಳಿಗೆ ಮುಖವಾಗಿ ಒದಗಿದುದು ರೋಮನ್ನರ ಚಿನ್ನದ ತಲೆ. ಬಿಳಿಯ ಗಾಜಿನ ನಡುವೆ ಕಡುನೀಲಿಯ ಪಾಪೆಗಳನ್ನು ಕೂಡಿಸಿದ ಆ ಕಣ್ಣುಗಳು ಎದುರಿಗೆ ನಿಂತವನನ್ನು ಬಿಟ್ಟು ಅವನ ತಲೆಯ ಮೇಲ್ಗಡೆ ಎತ್ತಲೋ ನೆಟ್ಟಿವೆ. ಮೈಯ ಮೇಲೆ ಚಿನ್ನದ ಎಳೆಗಳ ಹೆಣಿಗೆ, ನೀಲ, ಮುತ್ತು, ಸ್ಫಟಿಕ, ಮತ್ತು ಭಕ್ತರು ಕಾಣಿಕೆಯಾಗಿ ಒಪ್ಪಿಸಿದ ಹಳೆಯ ರೋಮನ್ ಮುದ್ರೆಹರಳುಗಳು. ಒಂದೇ ಶಿಲ್ಪಿಯ ಕೃತಿಯಲ್ಲ ಇದು. ಒಂದೇ ಕಾಲದ್ದೂ ಅಲ್ಲ. ಒಂಬತ್ತನೆಯ ಶತಮಾನದಿಂದ ಮೊದಲ್ಗೊಂಡು ತಲೆತಲಾಂತರದ ಹರಕೆಗಳು ಪದರ ಪದರವಾಗಿ ಇದರ ಮೇಲೆ ಕೂತಿವೆ. ಮುಂದಕ್ಕೆ ಚಾಚಿದ ಎರಡು ಕೈಗಳ ಬೆರಳುಗಳ ನಡುವೆ ಸಣ್ಣ ಕೊಳವೆಗಳುಂಟು. ಅವು ಹೂಗಳನ್ನು ಸಿಕ್ಕಿಸುವುದಕ್ಕಾಗಿ ಮುಂದಿನ ಕಾಲದವರು ಇಟ್ಟವು ಎನ್ನುತ್ತಾರೆ. ಅಷ್ಟೆಲ್ಲ ಚಿನ್ನದ ನಡುವೆ ನನ್ನ ಮನಸ್ಸು ಹೋಗಿ ನಿಲ್ಲುವುದು ಹೂವಿಗಾಗಿ ಮಾಡಿದ ಆ ಎರಡು ಕೊಳವೆಗಳ ಮೇಲೆ.

1013ರಲ್ಲಿ ಉತ್ತರದಿಂದ ಬೆರ್ನಾರನೆಂಬ ಪಂಡಿತನೊಬ್ಬನು ಈ ಪ್ರತಿಮೆಯ ಮುಂದೆ ಬಂದು ನಿಂತನು. ಅವನು ಆ ಕಾಲದ ಮಹಾವಿದ್ವಾಂಸನೆನಿಸಿದ ಶಾರ್ತ್ರ್‌ನ ಫುಲ್ಬೇರನ ಶಿಷ್ಯ. ಆಂಜೆ ಪಟ್ಟಣದ ಪಾಠಶಾಲೆಯ ಉಪಾಧ್ಯಾಯ. ಶಾರ್ತ್ರ್‌ನಲ್ಲಿದ್ದಾಗ ಊರ ಹೊರಗಿದ್ದ ಸಂತ ಫುವಾಳ ಚಿಕ್ಕ ಗುಡಿಗೆ ಹೋಗಿಬರುವ ಅಭ್ಯಾಸ ಅವನಿಗಿತ್ತು. ಆಕೆಯ ಪವಾಡಗಳ ವಾರ್ತೆಯನ್ನು ಕೇಳಿ, ಅದು ಎಷ್ಟರಮಟ್ಟಿಗೆ ನಿಜವೆಂದು ಪರೀಕ್ಷಿಸುವ ಸಂಕಲ್ಪದಿಂದ ಅವನು ಈ ದೂರದ ಯಾತ್ರೆಯನ್ನು ಕೈಗೊಂಡನು. ಉತ್ತರ ಫ್ರಾನ್ಸಿನಲ್ಲಿ ಶಿಲುಬೆಗೇರಿದ ಕ್ರಿಸ್ತನೊಬ್ಬನನ್ನು ಬಿಟ್ಟು ಮತ್ತಾರ ಪ್ರತಿಮೆಯನ್ನೂ ಕಡೆಯುವ ವಾಡಿಕೆಯಿರಲಿಲ್ಲ. ಸಂತರ ಸ್ಮರಣೆಗೆ ಗ್ರಂಥಗಳಿದ್ದವು, ಗೋಡೆಯ ಚಿತ್ರಗಳಿದ್ದವು, ಅಷ್ಟು ಸಾಕೆಂಬುದು ಅಲ್ಲಿಯ ತಿಳಿದವರ ಮತ. ರುಎರ್ಗ್ ಸೀಮೆಯಲ್ಲಿಯೋ ಪ್ರತಿಯೊಂದು ಮಠಕ್ಕೂ ಚಿನ್ನದ್ದೋ ಬೆಳ್ಳಿಯದೋ ಒಂದು ಮೂರ್ತಿ, ಅದರ ಮುಂದೆ ಸಾಷ್ಟಾಂಗ ಬಿದ್ದ ಜನ. ಕೊಂಕ್‌ಗೆ ಬರುವ ದಾರಿಯಲ್ಲಿ ಒರಿಯಾಕ್ ಪಟ್ಟಣದ ಸಂತ ಜೆರಾಲ್ಡನ ಇಂಥದೇ ಮೂರ್ತಿಯನ್ನು ಕಂಡಾಗ ಬೆರ್ನಾರನು ಜೊತೆಗಾರನ ಕಡೆಗೆ ತಿರುಗಿ ನಸುನಕ್ಕು, ಈ ವಿಗ್ರಹವನ್ನು ಕುರಿತು ಏನೆನ್ನುವೆ, ಹಿಂದಿನ ಜೂಪಿಟರನೂ ಮಾರ್ಸನೂ ಇಂಥ ಪ್ರತಿಮೆ ತಮಗೆ ತಕ್ಕುದಲ್ಲವೆಂದಾರೆಯೆ ಎಂಬರ್ಥದ ಮಾತನಾಡಿದುದನ್ನು ತಾನೇ ಬರೆದಿಟ್ಟಿದ್ದಾನೆ.

ಅವನು ದೊಡ್ಡವನಾದುದು ಮುಂದಿನದನ್ನೂ ಬರೆದಿಟ್ಟುದರಿಂದ. ಕೊಂಕ್‌ನಲ್ಲಿದ್ದು, ಜನರನ್ನು ವಿಚಾರಿಸಿ, ವಾಸಿಯಾದ ಕುರುಡರನ್ನೂ ಕುಂಟರನ್ನೂ ಮಾತನಾಡಿಸಿ, ತನ್ನ ಹಾಸ್ಯವು ಅಪರಾಧವೆಂದು ಅವನು ಒಪ್ಪಿಕೊಂಡನು. ಜನರು ನಮಿಸುವುದು ಲೋಹಕ್ಕಲ್ಲ, ಲೋಹದೊಳಗೆ ನೆಲಸಿದ ನೆನಪಿಗೆ ಎಂಬ ನಿಶ್ಚಯಕ್ಕೆ ಬಂದು, ಸಂತಳ ಪವಾಡಗಳ ಗ್ರಂಥವನ್ನು ರಚಿಸಿದನು. ಮತ್ತೆ ಎರಡು ಸಲ ಅಲ್ಲಿಗೆ ಯಾತ್ರೆ ಮಾಡಿದನು. ಪ್ರತಿಮೆಯ ಕಣ್ಣುಗಳು ಪ್ರಾರ್ಥನೆ ಸಫಲವಾಗುವವರನ್ನು ಕರುಣೆಯಿಂದ ನೋಡುವಂತೆ ಹಳ್ಳಿಯ ಜನಕ್ಕೆ ತೋರುತ್ತಿತ್ತೆಂದು ಅವನು ಬರೆಯುವಾಗ, ಅದರಲ್ಲಿ ಪಂಡಿತನ ತಿರಸ್ಕಾರದ ಸೋಂಕು ಸಹ ಉಳಿದಿಲ್ಲ. ಮೂರ್ತಿಪೂಜೆಯು ಸರಿಯೋ ತಪ್ಪೋ ಎಂದು ನಮ್ಮ ನಾಡಿನಲ್ಲಿ ಎಷ್ಟು ಶತಮಾನಗಳಿಂದ ವಾದ ನಡೆದಿದೆ. ಅದೇ ವಾದವು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಒಂದು ಕಮರಿಯಲ್ಲಿ, ಒಬ್ಬನೇ ಮನುಷ್ಯನ ಎದೆಯೊಳಗೆ ನಡೆದು, ಪ್ರಾಮಾಣಿಕವಾಗಿ ದಾಖಲಾಯಿತೆಂಬುದೇ ಆ ಗ್ರಂಥದ ಹಿರಿಮೆ.

ಆ ಗ್ರಂಥದ ಪುಟಗಳನ್ನು ತಿರುವಿದಂತೆಲ್ಲ ನಮಗೆ ಪರಿಚಿತವಾದ ಒಂದು ಲೋಕವು ತೆರೆಯುತ್ತ ಹೋಗುತ್ತದೆ. ಮಠದ ಜಮೀನನ್ನು ಬಲವಂತರು ಆಕ್ರಮಿಸಿದರೆ ಸನ್ಯಾಸಿಗಳು ಪ್ರತಿಮೆಯನ್ನು ಹೊತ್ತು ಆ ಜಮೀನಿಗೆ ಮೆರವಣಿಗೆ ಹೊರಡುತ್ತಿದ್ದರು. ತಾಳಗಳೂ ದಂತದ ಕಹಳೆಗಳೂ ಮೊಳಗುತ್ತಿದ್ದವು. ರೊದೆಜ್ ಪಟ್ಟಣದ ಬಿಷಪ್ಪನು ಒಮ್ಮೆ ಧರ್ಮಸಭೆಯನ್ನು ಕರೆದಾಗ, ಸೀಮೆಯ ಮಠಗಳೆಲ್ಲ ತಂತಮ್ಮ ಸಂತರನ್ನು ಹೊತ್ತು ತಂದು ಊರ ಹೊರಗಿನ ಹುಲ್ಲುಗಾವಲಿನಲ್ಲಿ ಡೇರೆಗಳನ್ನು ಎತ್ತಿ, ಒಂದೊಂದು ಡೇರೆಯಲ್ಲಿ ಒಬ್ಬೊಬ್ಬ ಸಂತನನ್ನು ಬಿಜಯಂಗೈಸಿದರಂತೆ: ಇಲ್ಲಿ ಸಂತ ಮಾರಿಯುಸನ ಮೂರ್ತಿ, ಅಲ್ಲಿ ಸಂತ ಅಮಾನ್ಸನದು, ಆಚೆ ದೇವಮಾತೆ ಮೇರಿಯ ಚಿನ್ನದ ಪ್ರತಿಮೆ, ಅವುಗಳ ನಡುವೆ ಕೊಂಕ್‌ನ ಫುವಾ. ಸುತ್ತಣ ಹಳ್ಳಿಗಳ ದೇವರುಗಳು ಒಂದೆಡೆ ಕೂಡುವ ಜಾತ್ರೆಯನ್ನು ಕಂಡವನಿಗೆ ಈ ದೃಶ್ಯವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಪವಾಡಗಳಲ್ಲಿ ಕೆಲವನ್ನು ಕೊಂಕ್‌ನವರು ಸಂತಳ ಆಟಗಳೆಂದೇ ಕರೆಯುತ್ತಿದ್ದರು. ಅವಳು ಹುಡುಗಿ, ಹುಡುಗಿಗೆ ಒಡವೆಯ ಮೇಲೆ ಆಸೆ. ತುಲೂಸಿನ ಕೌಂಟನಾದ ವಿಲಿಯಮನ ಹೆಂಡತಿ ಆರ್ಸಿಂದೆಯ ಕನಸಿನಲ್ಲಿ ಚೆಲುವೆಯಾದ ಬಾಲೆಯೊಬ್ಬಳು ಬಂದು ಆಕೆಯ ಚಿನ್ನದ ಕಡಗಗಳನ್ನು ಕೇಳಿದಳು; ನನಗೆ ಮಗನನ್ನು ಕೊಟ್ಟರೆ ಕೊಡುವೆನೆಂದು ಆರ್ಸಿಂದೆ ಹೇಳಿದಳು; ಇಬ್ಬರು ಗಂಡುಮಕ್ಕಳು ಹುಟ್ಟಿದರು, ಕಡಗಗಳು ಕೊಂಕ್‌ಗೆ ಬಂದವು. ಗಿಬೇರನೆಂಬವನ ಕಥೆ ಇದಕ್ಕಿಂತ ಗಹನವಾದುದು. ಅವನ ಧರ್ಮಪಿತನೂ ಯಜಮಾನನೂ ಆಗಿದ್ದ ಪಾದ್ರಿಯು ಮತ್ಸರದಿಂದ ಅವನ ಕಣ್ಣುಗಳನ್ನು ಕೀಳಿಸಿದನು. ವರ್ಷ ಕಳೆದು ಹಬ್ಬದ ಮುನ್ನಾದಿನ ಸಂತಳ ಸನ್ನಿಧಿಯಲ್ಲಿ ಅವನಿಗೆ ಕಣ್ಣು ಬಂತು. ಬಂದ ಕಣ್ಣನ್ನು ನೋಡಲು ಜನ ಮುಗಿಬಿದ್ದುದರಿಂದ ಮಠಾಧಿಪತಿಯು ಮೇಣದ ಬತ್ತಿಗಳನ್ನು ಮಾರುವ ಕೆಲಸವನ್ನು ಅವನಿಗೆ ವಹಿಸಿದನು. ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ ಅವನ ನಡತೆ ಕೆಟ್ಟಿತು, ಒಂದು ಕಣ್ಣು ಮತ್ತೆ ಹೋಯಿತು, ಪಶ್ಚಾತ್ತಾಪದಿಂದ ಮತ್ತೆ ಬಂತು. ಈ ಕಥೆಯ ಅದ್ಭುತಾಂಶವನ್ನು ಓದುಗನು ನಂಬಲಿ, ಬಿಡಲಿ. ಚರ್ಚಿನ ಬಾಗಿಲಲ್ಲಿ ಮೇಣದ ಬತ್ತಿ ಮಾರಿ ಹಣವಂತನಾದ ಆ ಬಡವನನ್ನು ನಂಬದೆ ಇರಲಾಗದು. ಸೆರೆಮನೆಯಲ್ಲಿದ್ದವರ ಮೊರೆಯನ್ನೂ ಫುವಾ ಕೇಳುತ್ತಿದ್ದಳು. ಬಿಡುಗಡೆ ಹೊಂದಿದವರು ತಮ್ಮ ಕಾಲಿನ ಕೋಳಗಳನ್ನು ಹೊತ್ತು ತಂದು ಚರ್ಚಿನೊಳಗೆ ತೂಗಹಾಕುತ್ತಿದ್ದರು. ಅವು ಹೆಚ್ಚಿ ಹೆಚ್ಚಿ ಸ್ಥಳವಿಲ್ಲದಾದಾಗ ಸನ್ಯಾಸಿಗಳು ಕಮ್ಮಾರರಿಂದ ಅವುಗಳನ್ನು ಕಾಯಿಸಿ ಬಡಿಯಿಸಿ ಬಾಗಿಲುಗಳನ್ನು ಮಾಡಿಸಿದರೆಂದು ಬೆರ್ನಾರನು ಹೇಳುತ್ತಾನೆ. ಗರ್ಭಾಂಗಣವನ್ನು ಸುತ್ತುವರಿದು ಈಗ ಇರುವ ಸುರುಳಿ ಸುರುಳಿಯಾದ ಕಬ್ಬಿಣದ ಕಟಾಂಜನವು ಹನ್ನೆರಡನೆಯ ಶತಮಾನದ್ದು. ಅದೂ ಸಂಕೋಲೆಗಳ ಕಬ್ಬಿಣವೆಂದೇ ಊರವರ ನಂಬುಗೆ.

ಯಾತ್ರಿಕರ ಕಾಣಿಕೆಗಳಿಂದಲೇ ಈಗಿನ ಚರ್ಚು ಎದ್ದಿತು. ಓದೋಲ್ರಿಕನೆಂಬ ಮಠಾಧಿಪತಿಯು ಹನ್ನೊಂದನೆಯ ಶತಮಾನದ ನಡುವಿನಲ್ಲಿ ಕೆಲಸವನ್ನು ಆರಂಭಿಸಿದನು. 1087ರಿಂದ 1107ರವರೆಗೆ ಪೀಠದಲ್ಲಿದ್ದ ಮೂರನೆಯ ಬೆಗೋಂ ಅದನ್ನು ಬಹುಮಟ್ಟಿಗೆ ಮುಗಿಸಿದನಲ್ಲದೆ, ಚಿನ್ನಬೆಳ್ಳಿಯ ಕೆಲಸದವರ ಒಂದು ಕಾರ್ಖಾನೆಯನ್ನೇ ಮಠದೊಳಗೆ ಸಾಕಿದನು. ಷಾರ್ಲಮೇನ್ ಚಕ್ರವರ್ತಿಯು ತನ್ನ ಮಠಗಳಿಗೆ ಒಂದೊಂದು ಅಕ್ಷರವನ್ನು ಹಂಚಿ ಮೊದಲ ಅಕ್ಷರವನ್ನು ಕೊಂಕ್‌ಗೆ ಕೊಟ್ಟನೆಂಬ ಐತಿಹ್ಯವಿದೆ. ಆ ಅಕ್ಷರದ ಆಕಾರದ ಕರಂಡವೊಂದು ಬೆಗೋಂನ ಕಾಲದ ಕೆಲಸಗಾರರ ಕೈಯಿಂದ ಈಗಿನ ರೂಪವನ್ನು ಪಡೆದು ಭಂಡಾರದಲ್ಲಿದೆ. ಕಮರಿಯ ಇಳಿಜಾರಿನಲ್ಲಿ ಉದ್ದಕ್ಕೆ ಎಡೆಯಿಲ್ಲದುದರಿಂದ ಶಿಲ್ಪಿಗಳು ಎತ್ತರಕ್ಕೆ ಬೆಳೆಯಿಸಿದರು. ಒಳಗೆ ನಿಂತವನ ತಲೆಯ ಮೇಲೆ ಕಮಾನು 22 ಮೀಟರುಗಳಷ್ಟು ಎತ್ತರದಲ್ಲಿದೆ. ಯಾತ್ರಿಕರು ಗರ್ಭಾಂಗಣವನ್ನು ಸುತ್ತುಹಾಕಿ ಅಸ್ಥಿಗಳ ದರ್ಶನ ಮಾಡಿ ಹೊರಬರುವಂತೆ ಒಳಗೆ ಪ್ರದಕ್ಷಿಣಾಪಥವುಂಟು.

ಪಶ್ಚಿಮದ ಬಾಗಿಲಿನ ಮೇಲಣ ಅರ್ಧಚಂದ್ರಾಕಾರದ ಶಿಲಾಫಲಕವು ಹನ್ನೆರಡನೆಯ ಶತಮಾನದ ಪೂರ್ವಾರ್ಧದ್ದು. ಕಡೆಯ ದಿನದ ತೀರ್ಪು ಅದರ ವಸ್ತು. 124 ವ್ಯಕ್ತಿಗಳು ಅದರಲ್ಲಿದ್ದಾರೆ. ಹಿಂದೆ ಬಳಿದಿದ್ದ ನೀಲಿ ಕೆಂಪು ಬಣ್ಣಗಳು ಮಡಿಕೆಗಳ ಸಂದಿನಲ್ಲಿ ಇನ್ನೂ ಉಳಿದಿವೆ. ನಡುವೆ ಕ್ರಿಸ್ತನು ಒಂದು ಕೈಯನ್ನು ಮೇಲೆತ್ತಿ ಇನ್ನೊಂದನ್ನು ಕೆಳಗಿಳಿಸಿ ಕುಳಿತಿದ್ದಾನೆ. ಅವನ ಬಲಗಡೆ ಸ್ವರ್ಗಕ್ಕೆ ನಡೆದಿರುವವರ ಸಾಲಿನಲ್ಲಿ ಮಠಾಧಿಪತಿಯೊಬ್ಬನು ಚಕ್ರವರ್ತಿಯ ಕೈಹಿಡಿದು ಕರೆದೊಯ್ಯುತ್ತಿದ್ದಾನೆ. ಷಾರ್ಲಮೇನನೆಂದು ಗುರುತಿಸಲಾದ ಆ ಚಕ್ರವರ್ತಿಯು ಅಂಜಿದ ಬಾಲಕನಂತೆ ತಲೆತಗ್ಗಿಸಿಕೊಂಡಿದ್ದಾನೆ. ಅವರ ಕೆಳಗಡೆ ಮೂಲೆಯಲ್ಲಿ ಫುವಾ ಬಾಗಿ ನಮಿಸಿದ್ದಾಳೆ. ಮೋಡದೊಳಗಿನಿಂದ ದೇವರ ಹಸ್ತವೊಂದೇ ಇಳಿದು ಅವಳ ತಲೆಯನ್ನು ಮುಟ್ಟುವಂತಿದೆ. ಅವಳ ಹಿಂದೆ ಚರ್ಚಿನ ತೊಲೆಯಿಂದ ಸೆರೆಯಾಳುಗಳ ಕೋಳಗಳು ತೂಗುತ್ತಿವೆ. ಎಡಗಡೆಯದು ನರಕ. ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿರುವ ಯೋಧ, ಹಣದ ಚೀಲ ಕೊರಳಿಗೆ ಬಿಗಿದು ನೇತಾಡುವ ಲೋಭಿ, ಕಾದ ಲೋಹವನ್ನು ಕುಡಿಯಬೇಕಾದ ಖೋಟಾನಾಣ್ಯದವನು, ಎಲ್ಲರೂ ತಂತಮ್ಮ ಊರಿನವರು ಕಂಡರೆ ಗುರುತಿಸುವಷ್ಟು ಸ್ಪಷ್ಟವಾಗಿದ್ದಾರೆ. ಸ್ವರ್ಗದ ಶಿಲ್ಪದಲ್ಲಿ ಶಾಂತಿಯೂ ಕ್ರಮವೂ ಉಂಟು. ನರಕದ ಶಿಲ್ಪದಲ್ಲಿ ಜೀವಕಳೆಯುಂಟು. ಇದು ಕಲೆಯ ಚರಿತ್ರೆಯಲ್ಲಿ ಅನೇಕ ಕಡೆ ಆಗಿರುವಂಥದು. ಆದರೆ ಫಲಕದ ಹೊರ ಅಂಚಿನ ಪಟ್ಟಿಯನ್ನು ಕಲ್ಲಿನ ಸುರುಳಿಯಂತೆ ಮಡಿಚಿ, ಅದರ ಹಿಂದೆ ಬೆರಳುಗಳಿಂದ ಅಂಚನ್ನು ಹಿಡಿದುಕೊಂಡು, ಮೂಗಿನವರೆಗೆ ಮಾತ್ರ ಮುಖವನ್ನು ಹೊರಗಿಟ್ಟು ಇಣುಕುತ್ತಿರುವ ಹದಿನಾಲ್ಕು ಸಣ್ಣ ತಲೆಗಳನ್ನು ಕಡೆದ ಶಿಲ್ಪಿಗೆ ಸಾಟಿಯಾದವನನ್ನು ನಾನರಿಯೆ. ಅವರನ್ನು ಊರಿನವರು ಕುತೂಹಲಿಗಳೆಂದೇ ಕರೆಯುತ್ತಾರೆ. ಅಷ್ಟು ಘೋರವಾದ ತೀರ್ಪು ಮುಂದೆ ನಡೆಯುತ್ತಿರುವಾಗ, ಗೋಡೆಯ ಮೇಲಿನಿಂದ ಪಕ್ಕದ ಮನೆಯ ಅಂಗಳವನ್ನು ನೋಡುವ ಮಕ್ಕಳಂತೆ ಅವರು ನೋಡುತ್ತಿದ್ದಾರೆ.

ಹನ್ನೆರಡನೆಯ ಶತಮಾನವು ಕಳೆದ ಮೇಲೆ ಮಠವು ಮೆಲ್ಲನೆ ಕ್ಷೀಣಿಸಿತು. ಅದರ ವಿವರಗಳನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಮತಯುದ್ಧಗಳ ಕಾಲದಲ್ಲಿ, 1568ರಲ್ಲಿ, ಪ್ರಾಟೆಸ್ಟಂಟರು ಚರ್ಚಿಗೆ ಬೆಂಕಿಯಿಟ್ಟರು. ಗರ್ಭಾಂಗಣದ ಕಂಬಗಳು ಕಾದು ಬಿರಿದುವು. ಬೀಳದಂತೆ ಅವುಗಳ ನಡುವೆ ಗೋಡೆ ಎತ್ತಿ ಮುಚ್ಚಿದರು. ಆಮೇಲೆ ಮಹಾಕ್ರಾಂತಿ ಬಂತು. ಚರ್ಚುಗಳ ಚಿನ್ನಬೆಳ್ಳಿಯನ್ನೆಲ್ಲ ಕಿತ್ತು ಟಂಕಸಾಲೆಗೆ ಕಳುಹಿಸುವ ಆಜ್ಞೆಯಾಯಿತು. ಫ್ರಾನ್ಸಿನ ಮಹಾಮಠಗಳ ಭಂಡಾರಗಳು ಒಂದೊಂದಾಗಿ ಕರಗಿ ನಾಣ್ಯಗಳಾದವು. ಕೊಂಕ್‌ನಲ್ಲಿ ಹಾಗಾಗಲಿಲ್ಲ. ಅಧಿಕಾರಿಗಳು ಬರುವ ಮುನ್ನವೇ ಊರಿನ ಜನರು ರಾತ್ರಿಯ ಹೊತ್ತು ಭಂಡಾರವನ್ನು ಹಂಚಿಕೊಂಡು, ಒಬ್ಬನು ತನ್ನ ಹಿತ್ತಿಲಿನಲ್ಲಿ, ಇನ್ನೊಬ್ಬನು ಅಟ್ಟದ ಮೇಲೆ, ಮತ್ತೊಬ್ಬನು ಚೆಸ್ಟ್‌ನಟ್ ಕಾಯಿಗಳನ್ನು ಹೊಗೆಯಲ್ಲಿ ಒಣಗಿಸುವ ಗುಡಿಸಲಿನಲ್ಲಿ ಬಚ್ಚಿಟ್ಟರೆಂದೂ, ಕೇಳಿದವರಿಗೆ ಕಳ್ಳರು ಒಯ್ದರೆಂದು ಹೇಳಿದರೆಂದೂ ಅಲ್ಲಿಯ ಹಿರಿಯರು ವಂಶಪರಂಪರೆಯಾಗಿ ಹೇಳುತ್ತ ಬಂದಿದ್ದಾರೆ. ಮನೆಯಲ್ಲಿ ಗೋದಿಯ ರೊಟ್ಟಿಗೆ ಗತಿಯಿಲ್ಲದೆ ಚೆಸ್ಟ್‌ನಟ್ ಬೇಯಿಸಿ ತಿನ್ನುತ್ತಿದ್ದ ಬಡವರ ಕೈಯಲ್ಲಿ ಅಷ್ಟು ವರ್ಷ ಅಷ್ಟು ಚಿನ್ನವಿತ್ತು. ಕಾಲವು ತಿಳಿಯಾದ ಮೇಲೆ ಅವರು ಅದನ್ನು ತಂದು ಒಪ್ಪಿಸಿದರು. ಆಜೆನ್‌ನಿಂದ ಕಳವಿನಲ್ಲಿ ಬಂದವಳನ್ನು ಕಳವಿನ ನೆವದಿಂದಲೇ ಕಾಪಾಡಿದ ಆ ರಾತ್ರಿಯು, ನನ್ನ ಮಟ್ಟಿಗೆ, ಗ್ರಂಥದಲ್ಲಿ ಸೇರಿದ ಯಾವ ಪವಾಡಕ್ಕೂ ಕಡಿಮೆಯದಲ್ಲ.

ಆದರೂ ಅದೇ ಜನ, ಸನ್ಯಾಸಿಗಳು ಹೊರಟುಹೋದ ಮೇಲೆ, ಮಠದ ಪ್ರಾಕಾರಶಾಲೆಯನ್ನು ಕೆಡವಿ ಅದರ ಕಲ್ಲುಗಳನ್ನು ಮನೆಗಳಿಗೆ ಒಯ್ದರೆಂಬುದನ್ನೂ ಹೇಳಬೇಕು. ಚಿನ್ನವನ್ನು ಹಿಂದಿರುಗಿಸಿದವರು ಕಲ್ಲನ್ನು ಹಿಂದಿರುಗಿಸಲಿಲ್ಲ. ಚಿನ್ನವು ಫುವಾಳದು, ಕಲ್ಲು ಮಠದ್ದು ಎಂದು ಅವರು ಭಾವಿಸಿದಂತೆ ತೋರುತ್ತದೆ. ಚರ್ಚೂ ಬೀಳುವ ಸ್ಥಿತಿಗೆ ಬಂದಿತ್ತು. 1837ರಲ್ಲಿ ಪ್ರೊಸ್ಪೆರ್ ಮೆರಿಮೆ ಇಲ್ಲಿಗೆ ಬಂದನು. ಮುಂದೆ 'ಕಾರ್ಮೆನ್' ಕಥೆಯಿಂದ ಜಗತ್ಪ್ರಸಿದ್ಧನಾದ ಇವನು ಆಗ ಪ್ರಾಚೀನ ಸ್ಮಾರಕಗಳ ಮುಖ್ಯ ಪರೀಕ್ಷಕನಾಗಿ ದೇಶವನ್ನೆಲ್ಲ ಸುತ್ತುತ್ತಿದ್ದನು. ಇಂಥ ನಿರ್ಜನದಲ್ಲಿ ಇಂಥ ಐಶ್ವರ್ಯವನ್ನು ಕಾಣುವೆನೆಂದು ಅವನು ನಿರೀಕ್ಷಿಸಿರಲಿಲ್ಲ. ಅವನ ವರದಿಯ ಫಲವಾಗಿ 1840ರ ರಾಷ್ಟ್ರೀಯ ಸ್ಮಾರಕಗಳ ಮೊದಲ ಪಟ್ಟಿಯಲ್ಲಿ ಕೊಂಕ್ ಸೇರಿತು, ದುರಸ್ತಿಗೆ ಹಣ ಬಂತು. 1873ರಲ್ಲಿ ಪ್ರೆಮೋಂತ್ರೆ ಪಂಥದ ಸನ್ಯಾಸಿಗಳು ಬಂದು ನೆಲಸಿದರು. 1875ರಲ್ಲಿ, ಬೆಂಕಿಯ ತರುವಾಯ ಕಂಬಗಳ ನಡುವೆ ಎತ್ತಿದ್ದ ಗೋಡೆಯನ್ನು ಕೆಲಸದವರು ತೆಗೆಯುತ್ತಿದ್ದಾಗ ಒಳಗಿನಿಂದ ತೊಗಲು ಹೊದಿಸಿದ ಪೆಟ್ಟಿಗೆಯೊಂದು ದೊರೆಯಿತು, ಅದರಲ್ಲಿ ಎಲುಬುಗಳಿದ್ದುವು. ಮೂರು ಶತಮಾನ ಫುವಾ ಗೋಡೆಯೊಳಗೆ ಇದ್ದಳು. ಊರು ಅದನ್ನು ಮರೆತೇಬಿಟ್ಟಿತ್ತು.

ಇತ್ತೀಚಿನ ಒಂದು ಸಂಗತಿಯನ್ನು ಬಿಡುವಂತಿಲ್ಲ. ರೊದೆಜ್‌ನಲ್ಲಿ 1919ರಲ್ಲಿ ಹುಟ್ಟಿದ ಪಿಯೆರ್ ಸುಲಾಜ್ ಶಾಲೆಯ ಹುಡುಗನಾಗಿದ್ದಾಗ ಉಪಾಧ್ಯಾಯರೊಡನೆ ಈ ಚರ್ಚನ್ನು ನೋಡಲು ಬಂದು, ಕಮಾನುಗಳ ಕೆಳಗೆ ನಿಂತಿದ್ದಾಗಲೇ ತಾನು ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದನು. ಕಪ್ಪುಬಣ್ಣವೊಂದರಿಂದಲೇ ಬೆಳಕನ್ನು ಹೊಮ್ಮಿಸುವ ಕಲಾವಿದನೆಂದು ಅವನು ಲೋಕಖ್ಯಾತಿಯನ್ನು ಪಡೆದ ಮೇಲೆ ಚರ್ಚಿನ 104 ಕಿಟಕಿಗಳ ಗಾಜನ್ನು ರಚಿಸುವ ಕೆಲಸವು ಅವನಿಗೆ ಬಂತು. 1987ರಿಂದ 1994ರವರೆಗೆ ಅದು ನಡೆಯಿತು. ಅವನು ಒಂದು ಬಣ್ಣವನ್ನೂ ಬಳಸಲಿಲ್ಲ. ಹೊರಗನ್ನು ತೋರಿಸದೆ ಬೆಳಕನ್ನು ಮಾತ್ರ ಒಳಗೆ ಬಿಡುವ ಒಂದು ಗಾಜನ್ನು ಎಷ್ಟೋ ಪ್ರಯೋಗಗಳ ತರುವಾಯ ತಯಾರಿಸಿ, ಅದರ ಮೇಲೆ ಸೀಸದ ಬಾಗುಗೆರೆಗಳನ್ನು ಮಾತ್ರ ಹರಿಯಿಸಿದನು. ಹಳೆಯ ಸಂತರ ಬಣ್ಣದ ಚಿತ್ರಗಳಿಗೆ ಒಗ್ಗಿದ್ದ ಊರಿನವರಲ್ಲಿ ಅನೇಕರಿಗೆ ಇದು ಮೊದಲು ಹಿಡಿಸಲಿಲ್ಲ. ಅವರ ಅಸಮಾಧಾನ ಸಹಜವಾದುದೇ. ಆದರೆ ಆ ಗಾಜು ಮುಂಜಾನೆ ನೀಲಿಗೆ ತಿರುಗಿ, ನಡುಹಗಲು ಬೆಳ್ಳಗಾಗಿ, ಸಂಜೆಗೆ ಕಿತ್ತಳೆಯ ಛಾಯೆಯನ್ನು ತಳೆದು ಜೇನುಬಣ್ಣದ ಕಲ್ಲಿನ ಮೇಲೆ ಇಳಿಯುವುದನ್ನು ಕಂಡಾಗ, ಶಿಲ್ಪಿಗಳು ಕಟ್ಟಿದ ಕಲ್ಲನ್ನೇ ಚಿತ್ರವಾಗಿ ತೋರಿಸಬೇಕೆಂದು ಬಯಸಿದ ಕಲಾವಿದನ ವಿನಯವು ಅರ್ಥವಾಗುತ್ತದೆ. 2022ರಲ್ಲಿ, 102 ವರ್ಷದವನಾಗಿ, ಸುಲಾಜ್ ತೀರಿಕೊಂಡನು.

ಊರು ಈಗ ಬಲು ಚಿಕ್ಕದು. ಜನಸಂಖ್ಯೆ 300ಕ್ಕೆ ಮುಟ್ಟುವುದಿಲ್ಲ. 2016ರಲ್ಲಿ ನೆರೆಯ ಮೂರು ಗ್ರಾಮಗಳೊಡನೆ ಅದನ್ನು ಕೂಡಿಸಿ ಕೊಂಕ್-ಆಂ-ರುಎರ್ಗ್ ಎಂಬ ಒಂದೇ ಪಂಚಾಯಿತಿಯನ್ನಾಗಿ ಮಾಡಿದರು. ಬೇಸಗೆಯಲ್ಲಿ ಬೆನ್ನಿಗೆ ಚೀಲ ಕಟ್ಟಿದ ಕಾಲುನಡಿಗೆಯ ಯಾತ್ರಿಕರು ಬಂದು ಮಠದ ಛತ್ರದಲ್ಲಿ ಇಳಿದುಕೊಳ್ಳುತ್ತಾರೆ. ಇರುಳಿನಲ್ಲಿ ಸನ್ಯಾಸಿಯೊಬ್ಬನು ಬಾಗಿಲ ಮುಂದೆ ನಿಂತು ಶಿಲಾಫಲಕದ ಒಂದೊಂದು ಮುಖದ ಕಥೆಯನ್ನೂ ಅವರಿಗೆ ಹೇಳುತ್ತಾನೆ. ಬೆಳಗಾಗೆದ್ದು ಅವರು ಷಾರ್ಲಮೇನನ ಹೆಸರಿನ ಕಲ್ಲುಹಾಸಿನ ಬೀದಿಯಲ್ಲಿ ಇಳಿದು ದೂರ್ದು ಹೊಳೆಯ ಸೇತುವೆಗೆ ಬರುತ್ತಾರೆ. ಇದನ್ನು ರೋಮನ್ ಸೇತುವೆ ಎನ್ನುವುದುಂಟು, ಕಟ್ಟಿದವರು ರೋಮನ್ನರಲ್ಲ, ಆ ಸೀಮೆಯ ಮಾತಿನಲ್ಲಿ ಯಾತ್ರಿಕನಿಗಿದ್ದ ರುಮಿಯು ಎಂಬ ಹೆಸರೇ ಜನರ ಬಾಯಲ್ಲಿ ರೋಮನ್ ಆಗಿ ನಿಂತಿದೆ. ಸೇತುವೆಯ ಆಚೆ ದಾರಿಯು ಕಾಡಿನೊಳಗೆ ಕಡಿದಾಗಿ ಏರುತ್ತದೆ. ಅರ್ಧ ಬೆಟ್ಟದಲ್ಲಿ ಫುವಾಳ ಚಿಕ್ಕದೊಂದು ಗುಡಿ ಇದೆ, ಪಕ್ಕದಲ್ಲಿ ಕಣ್ಣಿನ ಬೇನೆಗೆ ಒಳ್ಳೆಯದೆಂದು ಹೆಸರಾದ ಒಂದು ಒರತೆ. ಏದುತ್ತ ಅಲ್ಲಿಗೆ ತಲುಪಿದ ಯಾತ್ರಿಕನು ಹಿಂದಿರುಗಿ ನೋಡುತ್ತಾನೆ. ಕಮರಿಯ ಆಚೆಗೆ ಬೂದುಬಣ್ಣದ ಮಾಡುಗಳ ನಡುವೆ ಮೂರು ಗೋಪುರಗಳು ಕಾಣುತ್ತವೆ. ಅವನು ಗುಡಿಯ ಗಂಟೆಯ ಹಗ್ಗವನ್ನು ಹಿಡಿದು ಎಳೆಯುತ್ತಾನೆ, ಕೆಳಗೆ ಊರಿನಲ್ಲಿ ರೊಟ್ಟಿಯನ್ನು ಕೊಂಡು ಮನೆಗೆ ನಡೆದಿರುವವರಿಗೆ ಆ ಶಬ್ದವು ಕೇಳಿಸುತ್ತದೆ.